‘ಲಿ’ ಇಲ್ಲದ ಕಣ್ಣು

ಕಣ್ಣಾಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕಣ್ಣಕ್ಕ ಕೃತಕ ಕಣ್ಣು ಮಾಡಲು ಕೂತು ಹನ್ನೊಂದು ವರ್ಷವಾಗಿತ್ತು. ಅಕ್ರಿಲಿಕ್ ಗುಡ್ಡೆಯ ಮೇಲೆ ಪಾಪೆ ಬಿಡಿಸಿ, ನರಗಳಿಗೆಂದು ಕೆಂಪು ರೇಷ್ಮೆಯ ಎಳೆ ಅಂಟಿಸಿ, ಉಜ್ಜಿ ಹೊಳಪು ಕೊಟ್ಟಳೆಂದರೆ ಯಾವುದು ಹುಟ್ಟಿದ್ದು, ಯಾವುದು ಕೂರಿಸಿದ್ದು ಎಂದು ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ. ಇದು ಬಡಾಯಿಯಲ್ಲ, ಅಂಥ ತಾಯಂದಿರೇ ಬಂದು ಹೇಳಿಹೋಗಿದ್ದಾರೆ. ಆದರೆ ಹೆಸರೆಲ್ಲ ಆಸ್ಪತ್ರೆಗೆ ಹೋಗುತ್ತಿತ್ತು.

ಈ ಸಲ ಹೊರದೇಶದ ವೈದ್ಯರು ಅವಳ ಕೆಲಸವನ್ನೇ ನೋಡಲು ಬರುವವರಿದ್ದರು. ಕಣ್ಣಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲಿನ ಚೀಟಿ, ಅದರ ಕೆಳಗೆ ಮಾಡಿದವರ ಹೆಸರು ಇರಬೇಕೆಂದು ಹೇಳಿಕಳಿಸಿದ್ದರು. ಗುಮಾಸ್ತ ತಾನೇ ಬರೆದುಕೊಡುತ್ತೇನೆಂದ. ಕಣ್ಣಕ್ಕ ಸುತರಾಂ ಒಪ್ಪಲಿಲ್ಲ. ತನ್ನ ಹೆಸರಿನ ಮೇಲೆ ಇನ್ನೊಬ್ಬರ ಮಾತು ಕೂರುವುದು ಅವಳಿಗೆ ಬೇಕಿರಲಿಲ್ಲ.

ಮನೆಗೆ ಹೋಗಿ ‘ದಿಸ್ ಐ ಲುಕ್ಸ್ ನ್ಯಾಚುರಲಿ’ ಎಂದು ಬರೆದು, ಇಂಗ್ಲಿಷ್ ಟೀಚರಾಗಿದ್ದ ನಾದಿನಿಗೆ ತೋರಿಸಿದಳು. ಸಹಜವಾಗಿ ಕಾಣುತ್ತದೆ ಅಂತಲ್ಲವೇ, ನಮ್ಮ ‘ವಾಗಿ’ಗೆ ಅವರ ‘ಲಿ’, ಲೆಕ್ಕ ಸರಿಹೋಯಿತು ಎಂದು ಅವಳ ಎಣಿಕೆ. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋಡುವುದಕ್ಕೂ ಕಾಣುವುದಕ್ಕೂ ಆ ಜನಕ್ಕೆ, ಪಾಪ, ‘ಲುಕ್’ ಎಂಬ ಒಂದೇ ಮಾತು. ‘ಲಿ’ ಹಚ್ಚಿದರೆ ಕಣ್ಣು ನೋಡುವ ರೀತಿ ಹೇಳಿದಂತೆ, ಬಿಟ್ಟರೆ ಅದು ಕಾಣುವ ರೂಪ ಹೇಳಿದಂತೆ ಎಂದು ಬಿಡಿಸಿ ಹೇಳಿದಳು. ಕಣ್ಣಕ್ಕ ‘ಲಿ’ಯನ್ನು ಹೊಡೆದುಹಾಕಿ, ‘ನ್ಯಾಚುರಲ್’ ಎಂದಷ್ಟೇ ಉಳಿಸಿ, ಸಾಲನ್ನು ಹತ್ತು ಸಲ ಬರೆದು ಕೈ ಪಳಗಿಸಿಕೊಂಡಳು.

ಮರುದಿನ ಅತಿಥಿಗಳು ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡ ಡಾಕ್ಟರು ಮುಂದಾಗಿ ಬಂದು ಚೀಟಿ ಓದಿದರು. “ಒಂದು ‘ಲಿ’ ಬಿಟ್ಟಿದ್ದೀಯಲ್ಲಮ್ಮ,” ಎನ್ನುತ್ತಾ ಜೇಬಿನಿಂದ ಪೆನ್ನು ತೆಗೆದು ಸೇರಿಸಿಯೇಬಿಟ್ಟರು.

ಕಣ್ಣಕ್ಕ ಚೀಟಿಯನ್ನು ಇನ್ನೊಮ್ಮೆ ಓದಿದಳು. ಬಾಯಿ ಮುಚ್ಚಿಕೊಂಡಿದ್ದರೆ ದಿನ ಸಲೀಸಾಗಿ ಕಳೆಯುತ್ತಿತ್ತು. ಆದರೆ ಕೆಳಗಿದ್ದದ್ದು ಅವಳ ಹೆಸರು, ಮೇಲಿದ್ದದ್ದು ಸುಳ್ಳು.

“ಡಾಕ್ಟ್ರೇ, ‘ಲಿ’ ಹಾಕಿದ್ರೆ ಈ ಕಣ್ಣು ನೋಡುತ್ತೆ ಅಂತಾಗುತ್ತೆ. ನೋಡೋ ಕಣ್ಣು ಮಾಡೋಕೆ ನನಗೆ ಬರಲ್ಲ. ನಾನು ಮಾಡೋದು ಕಾಣೋ ಕಣ್ಣು. ಅಷ್ಟನ್ನೇ ಬರೆದಿದ್ದೀನಿ.”

ಗುಮಾಸ್ತ ನಗು ಮುಚ್ಚಿಡಲು ಗೋಡೆಯ ಕಡೆ ತಿರುಗಿಕೊಂಡ. ಡಾಕ್ಟರು ಆ ಸಾಲನ್ನು ಮೆಲ್ಲಗೆ ಎರಡು ಥರ ಹೇಳಿ ನೋಡಿದರು. ಅವರ ಕಿವಿ ಕೆಂಪಾಯಿತು. ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಹೊಸದೊಂದು ತರಿಸಿ, ಪೆನ್ನಿನ ಸಮೇತ ಅವಳ ಮುಂದೆ ಹಿಡಿದರು.

“ನೀವೇ ಬರೀರಿ,” ಎಂದರು.

ಆ ‘ನೀವು’ ಆಸ್ಪತ್ರೆಯಲ್ಲಿ ಅವಳಿಗೆ ಸಿಕ್ಕ ಮೊದಲನೆಯದು. ಕಣ್ಣಕ್ಕನಿಗೆ ಹೆಮ್ಮೆ ಉಕ್ಕಿ ಬಂತು. ಆದರೂ ಅವಸರಪಡದೆ ಕೂತು, ಒಂದೊಂದೇ ಅಕ್ಷರ ದುಂಡಗೆ ಬರೆಯತೊಡಗಿದಳು. ಬಾಗಿಲಲ್ಲಿ ಅತಿಥಿಗಳು ನಿಂತಿದ್ದರು, ಪಕ್ಕದಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು. ನಿಂತಿರಲಿ ಎಂದುಕೊಂಡಳು.