ಬಲಕ್ಕೆ ತಿರುಗಿದ ಪ್ಲೇಟು

ನನ್ನ ತಮ್ಮ ಪಂದ್ಯದ ಅಭ್ಯಾಸ ಮುಗಿಸಿಕೊಂಡು ಗಲ್ಲಿಯ ತಿರುವಿಗೆ ಬರುವಷ್ಟರಲ್ಲೇ ನನಗೆ ಗೊತ್ತಾಯಿತು, ಯಾರೋ ಎಂಜಿನ್‌ಗೆ ಕೈ ಹಾಕಿದ್ದಾರೆ. ಅವನು ಓಡಿಸುವುದು ನಾಲ್ಕು ದಪ್ಪ ಟೈರಿನ, ಕಲ್ಲು ಮಣ್ಣು ಎನ್ನದೆ ಹತ್ತಿ ಇಳಿಯುವ ಎಟಿವಿ. ಅದಕ್ಕೆ ಬೇರೊಂದು ಗಾಡಿಯ ಟು-ಸ್ಟ್ರೋಕ್ ಎಂಜಿನ್ ತಂದು ಕೂರಿಸಿದವಳು ನಾನು. ಅದರ ಉಸಿರು ಏರಿದರೂ ಇಳಿದರೂ ನನಗೆ ತಿಳಿಯುತ್ತದೆ. ಆ ದಿನ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತಿತ್ತು.

ಅವನು ಇಳಿಯುವ ಮೊದಲೇ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದೆ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಲೋಹದ ಚುಕ್ಕೆಗಳು. ಪಿಸ್ಟನ್‌ನ ತಲೆ ಕರಗಲು ಶುರುವಾಗಿದೆ ಎಂದು ಅದರರ್ಥ. ಪಕ್ಕದ ಕವರ್ ತೆಗೆದು ನೋಡಿದರೆ, ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಪ್ಲೇಟಿನ ಮೇಲೆ ನಾನು ಗೀರಿದ್ದ ಗೆರೆ ತನ್ನ ಜಾಗದಲ್ಲಿರಲಿಲ್ಲ. ಬಲಕ್ಕೆ ಸರಿದಿತ್ತು.

ಪಿಸ್ಟನ್ ಮೇಲೇರಿ ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಕಿಡಿ ಹಾರಬೇಕು. ತಡವಾದರೆ ಗಾಡಿ ಸೋಮಾರಿಯಾಗುತ್ತದೆ, ಅಷ್ಟೇ. ಬೇಗ ಹಾರಿದರೆ ಮೊದಮೊದಲು ಚುರುಕಾಗಿ ಎಳೆಯುತ್ತದೆ, ಆಮೇಲೆ ಪಿಸ್ಟನ್ ತೂತು ಬಿದ್ದು ಎಂಜಿನ್ ಹಿಡಿದುಕೊಳ್ಳುತ್ತದೆ. ಕಲ್ಲುಗಣಿಯ ಇಳಿಜಾರಿನಲ್ಲಿ ಹಿಂದಿನ ಚಕ್ರಗಳು ಗಕ್ಕನೆ ನಿಂತರೆ ಸವಾರನ ಕತ್ತು ಉಳಿಯುವುದಿಲ್ಲ. ಪಂದ್ಯ ಬರುವ ಭಾನುವಾರ, ಅದೇ ಇಳಿಜಾರಿನಲ್ಲಿ. ಕಿಡಿ ಬೇಗ ಹಾರುವ ಹಾಗೆ ಪ್ಲೇಟು ತಿರುಗಿಸಿದವನು ನನ್ನ ತಮ್ಮನನ್ನು ಕೊಲ್ಲಲು ಹೊರಟಿದ್ದಾನೆ ಎಂದೇ ನಾನು ಲೆಕ್ಕ ಹಾಕಿದೆ.

"ಏನೋ ಪುಟ್ಟ, ಗಾಡಿ ಹೆಂಗಿತ್ತು?" ಎಂದೆ. ಮೀಸೆ ಬಂದರೂ ಅವನು ನನಗೆ ಪುಟ್ಟನೇ.

"ಚೆನ್ನಾಗಿತ್ತು ಚಿಕ್ಕಕ್ಕ," ಎಂದು ಕೈಗವಸು ಕೂಡ ಬಿಚ್ಚದೆ ಒಳಗೆ ಹೋದ.

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಪಕ್ಕದ ಗ್ಯಾರೇಜಿನವನು ನಕ್ಕರೆ ಯಾಕೆ ನಕ್ಕ, ಅಕ್ಕ ಫೋನಿನಲ್ಲಿ ದನಿ ತಗ್ಗಿಸಿದರೆ ಯಾರ ಹತ್ತಿರ ಮಾತು, ಯಾವುದನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಭಾವ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಂಬಿ ಕೆಟ್ಟವರನ್ನು ನಾನು ನೋಡಿದ್ದೇನೆ, ಅನುಮಾನಪಟ್ಟು ಕೆಟ್ಟವರನ್ನು ನೋಡಿಲ್ಲ. ಆಗ ನಾನು ಹಾಗೇ ಅಂದುಕೊಂಡಿದ್ದೆ.

ಭಾವ ಎಂದರೆ ಅಕ್ಕನ ಗಂಡ. ಷೆಡ್ಡಿನ ಅರ್ಧದಲ್ಲಿ ಲೋಹ ಕಡೆಯುವ ಅವರ ಲೇತ್, ಇನ್ನರ್ಧದಲ್ಲಿ ನನ್ನ ಗ್ಯಾರೇಜು, ನಡುವೆ ಒಂದು ಪ್ಲೈವುಡ್ ಗೋಡೆ. ಈ ಎಂಜಿನ್‌ನ ತಲೆಯನ್ನು ಕಡೆದು ಕೊಟ್ಟವರೂ ಅವರೇ. ಷೆಡ್ಡಿನ ಕೀಲಿ ಇರುವುದು ನಮ್ಮ ಮೂವರ ಹತ್ತಿರ ಮಾತ್ರ. ನಾನು ಮಾಡಿಲ್ಲ, ತಮ್ಮ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವುದಿಲ್ಲ. ಉಳಿದವರು ಯಾರು? ಅದೂ ಅಲ್ಲದೆ ಭಾವ ಈ ವರ್ಷ ನನ್ನ ತಮ್ಮನ ಬದಲು ಅವರ ಗೆಳೆಯನ ಮಗನನ್ನು ಓಡಿಸೋಣ ಎಂದು ರಾಗ ಎಳೆದಿದ್ದರು. "ಹೋದ ವರ್ಷ ಬಿದ್ದು ಭುಜ ಮುರ್ಕೊಂಡಿದ್ದಾನೆ, ಪಾಪ, ಬಿಡು," ಎಂದಿದ್ದರು. ಆ 'ಪಾಪ'ದಲ್ಲೇ ನನಗೆ ಏನೋ ವಾಸನೆ ಹೊಡೆದಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಕಾಲ ಇದು.

ಪ್ಲೇಟನ್ನು ಸರಿಯಾದ ಜಾಗಕ್ಕೆ ತಂದು, ಕಿಡಿ ಹಾರುವ ಗಳಿಗೆ ತೋರಿಸುವ ಟೈಮಿಂಗ್ ಲೈಟ್ ಬಿಟ್ಟು ನೋಡಿ, ಸ್ಕ್ರೂ ಬಿಗಿದೆ. ಯಾರಿಗೂ ಏನೂ ಹೇಳಲಿಲ್ಲ. ಭಾವನ ಲೇತ್ ಪಕ್ಕದ ಡಬ್ಬಿಯಿಂದ, ಗುರುತು ಹಾಕಲು ಬಳಸುವ ನೀಲಿ ಬಣ್ಣವನ್ನು ಚೂರು ಕದ್ದು ತಂದು ಕವರಿನ ಬೋಲ್ಟುಗಳಿಗೆ ಸವರಿದೆ. ಮುಟ್ಟಿದವನ ಬೆರಳು ಎರಡು ದಿನ ನೀಲಿಯಾಗಿಯೇ ಇರುತ್ತದೆ.

ಮಾರನೆಯ ದಿನ ಗೆರೆ ಮತ್ತೆ ಸರಿದಿತ್ತು, ಈ ಸಲ ಇನ್ನೂ ಬಲಕ್ಕೆ. ನೇರ ಗೋಡೆಯ ಆಚೆಗೆ ಹೋದೆ. ಭಾವ ಶಾಫ್ಟ್ ಒಂದನ್ನು ಅಳೆಯುತ್ತಿದ್ದರು. ಹತ್ತೂ ಬೆರಳು ನೀಲಿ.

"ಕೈ ತೋರಿಸಿ ಭಾವ."

"ಯಾಕಮ್ಮ, ಭವಿಷ್ಯ ಹೇಳ್ತೀಯಾ?"

"ನಿಮ್ಮ ಭವಿಷ್ಯ ಆಮೇಲೆ ನೋಡೋಣ. ಪ್ಲೇಟ್ ತಿರುಗಿಸಿದ್ದು ನೀವೇ ಅಲ್ವಾ?"

ಅವರು ನನ್ನ ಮುಖ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಡಬ್ಬಿಯ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ನಾನು ಒಳಗೊಳಗೇ ಬೀಗಿದೆ.

"ಅಲ್ಲಮ್ಮಾ, ಈ ನೀಲಿ ಇರೋದು ನನ್ನ ಡಬ್ಬೀಲಿ. ಇಪ್ಪತ್ತು ವರ್ಷದಿಂದ ನನ್ನ ಕೈ ಹಿಂಗೇ ಇದೆ. ನಿಮ್ಮಕ್ಕನ್ನ ಮದುವೆ ಆದಾಗ್ಲೂ ಹಿಂಗೇ ಇತ್ತು. ಕಳ್ಳನ್ನ ಹಿಡಿಯೋಕೆ ನಿಂಗೆ ಬೇರೆ ಬಣ್ಣ ಸಿಗ್ಲಿಲ್ವಾ?"

ನನ್ನ ಮುಖ ಸಪ್ಪಗಾಯಿತು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. "ನಗಾಡಿ ತಪ್ಪಿಸ್ಕೋಬೇಡಿ," ಎಂದು ಗಟ್ಟಿಯಾಗಿಯೇ ಹೇಳಿ ಬಂದೆ. ಬೆಳಿಗ್ಗೆಯೆಲ್ಲ ಅವರ ಲೇತ್ ಮತ್ತೆ ಶುರುವಾಗಲಿಲ್ಲ. ಅಷ್ಟು ಹೊತ್ತು ಅದು ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಪ್ಲಗ್ ತರಲು ಹೋಗುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟೆ. ಗಲ್ಲಿ ಸುತ್ತಿ ಹಿಂಬಾಗಿಲಿಗೆ ಬಂದು ಹಳೆಯ ಟೈರುಗಳ ಹಿಂದೆ ಕುಳಿತೆ. ಸ್ವಲ್ಪ ಹೊತ್ತಿಗೆ ಷೆಡ್ಡಿನ ಬಾಗಿಲು ಸರಿಯಿತು. ಬಂದವನು ನನ್ನ ತಮ್ಮ.

ಅವನು ಕೈಗವಸು ಹಾಕಿಕೊಂಡೇ ಕವರ್ ಬಿಚ್ಚಿದ. ಎಂಜಿನ್ ಜೊತೆ ಸುತ್ತುವ ಚಕ್ರದ, ಅಂದರೆ ಫ್ಲೈವೀಲಿನ, ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಸ್ಕ್ರೂ ಸಡಿಲಿಸಿ, ಪ್ಲೇಟನ್ನು ಬಲಕ್ಕೆ ತಳ್ಳಿದ. ವೇಗದ ಆಸೆಗೆ ಬಿದ್ದು ತಾನೇ ಕಿಡಿ ಬೇಗ ಹಾರುವ ಹಾಗೆ ಮಾಡುತ್ತಿದ್ದಾನೆ, ನನಗೂ ಹೇಳದೆ! ಎದ್ದು ಹೋಗಿ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಎತ್ತಿಯೂ ಆಗಿತ್ತು. ಆದರೆ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಬೆಳಿಗ್ಗೆ ಭಾವನ ಹತ್ತಿರ ಆದ ಮುಖಭಂಗ ಬೇರೆ ಇನ್ನೂ ಹಸಿಯಾಗಿತ್ತು.

"ಯಾಕೋ?" ಎಂದೆ, ಅಷ್ಟೇ.

ಅವನು ಸ್ಕ್ರೂಡ್ರೈವರ್ ಕೆಳಗೆ ಬಿಟ್ಟ.

"ನಿಧಾನ ಆಗ್ಲಿ ಅಂತ, ಚಿಕ್ಕಕ್ಕ."

"ಏನು?"

"ಗಾಡಿ ನಿಧಾನ ಆಗ್ಲಿ ಅಂತ. ಹಳೇ ಗಾಡೀಲಿ ನೀನೇ ತೋರಿಸಿದ್ದೆಯಲ್ಲ, ಪ್ಲೇಟ್ ಬಲಕ್ಕೆ ತಿರುಗಿಸಿದ್ರೆ ಕಿಡಿ ತಡ, ಗಾಡಿ ಸೋಮಾರಿ ಅಂತ. ಇದು ಎಷ್ಟು ತಿರುಗಿಸಿದ್ರೂ ನಿಧಾನ ಆಗ್ಲಿಲ್ಲ. ಹುಚ್ಚು ಹಿಡಿದಂಗೆ ಎಳೀತಿತ್ತು. ಅದಕ್ಕೇ ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ..."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಹಳೆಯ ಗಾಡಿಯ ಫ್ಲೈವೀಲು ಬಲಕ್ಕೆ ತಿರುಗುತ್ತಿತ್ತು. ಅದು ತಿರುಗುವ ದಿಕ್ಕಿಗೇ ಪ್ಲೇಟು ಸರಿಸಿದರೆ ಕಿಡಿ ತಡ, ಎದುರು ಸರಿಸಿದರೆ ಬೇಗ. ನಾನು ತಂದು ಕೂರಿಸಿದ ಈ ಎಂಜಿನ್ ಎಡಕ್ಕೆ ತಿರುಗುತ್ತದೆ, ಇದರಲ್ಲಿ ಪ್ಲೇಟು ಬಲಕ್ಕೆ ಸರಿದಷ್ಟೂ ಕಿಡಿ ಬೇಗ. ಅದನ್ನು ನಾನು ಅವನಿಗೆ ಹೇಳಿರಲೇ ಇಲ್ಲ. ಪಾಪದವನು ಹೆದರಿ ಬ್ರೇಕ್ ಎಂದು ತಿಳಿದು ಒತ್ತಿದ್ದು ಸಾವನ್ನು.

"ಬಿದ್ದಾಗಿಂದ ಆ ಇಳಿಜಾರು ನೋಡಿದ್ರೆ ಕಾಲು ನಡುಗುತ್ತೆ ಚಿಕ್ಕಕ್ಕ. ಗಾಡಿ ನಿಧಾನ ಆದ್ರೆ ಕೊನೇಲಿ ಬರ್ತೀನಿ, ಗಾಡೀದೇ ತಪ್ಪು ಅಂತ ಆಗುತ್ತೆ, ಮುಂದಿನ ವರ್ಷ ನೀನೇ ಬೇಡ ಅಂತೀಯ ಅಂದ್ಕೊಂಡೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ಯಾ? ಯಾರೋ ನನ್ನ ತಲೆ ಕೆಡಿಸಿದ್ದಾರೆ, ಭಾವ ಹೇಳಿಕೊಟ್ಟಿದ್ದಾರೆ ಅಂತಿದ್ದೆ."

ಹಾಗೇ ಅನ್ನುತ್ತಿದ್ದೆ. ಅಕ್ಷರಶಃ ಹಾಗೇ. ಅವನ ತಲೆಯನ್ನು ನನ್ನ ಭುಜಕ್ಕೆ ಎಳೆದುಕೊಂಡೆ. ಚಿಕ್ಕವನಿದ್ದಾಗ ಅಳುತ್ತಿದ್ದಂತೆಯೇ ಮೂಗು ಸುರಿಸಿಕೊಂಡು ಅತ್ತ.

"ಭಾವನಿಗೆ ಹೇಳ್ಬೇಡ. ಊರೆಲ್ಲ ಹೆದರುಪುಕ್ಕಲ ಅಂತಾರೆ," ಎಂದ.

ಸಂಜೆ ಗೋಡೆಯ ಆಚೆಗೆ ಹೋದೆ. ಭಾವ ಮುಖ ಎತ್ತಲಿಲ್ಲ.

"ಪ್ಲೇಟ್ ಮುಟ್ಟಿದ್ದು ನೀವಲ್ಲ ಭಾವ. ನಾನೇ. ದಿಕ್ಕು ಮರೆತು ತಪ್ಪು ಕಡೆ ತಿರುಗಿಸಿಬಿಟ್ಟಿದ್ದೆ. ಪಿಸ್ಟನ್ ಹಾಳಾಗಿದೆ. ಭಾನುವಾರ ಗಾಡಿ ಇಳಿಸಲ್ಲ."

ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಅವನು ಒಳಗೆ ಬಂದು ನಿಜ ಹೇಳಿಯಾನೇನೋ ಎಂದು ಒಂದು ಕ್ಷಣ ಅನಿಸಿತು. ಅವನು ಹೇಳಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಅವನ ಹೆದರಿಕೆ ಎಷ್ಟು ದೊಡ್ಡದೆಂದು ಆಗ ಪೂರ್ತಿ ಅರ್ಥವಾಯಿತು.

ಭಾವ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ನನ್ನ ಮೇಲೆ ಗೂಬೆ ಕೂರಿಸಿದ್ದು ಹಾಳಾಗ್ಲಿ. ಹುಡುಗ ಆ ಇಳಿಜಾರಲ್ಲಿ ಸತ್ತೇ ಹೋಗ್ತಿದ್ದನಲ್ಲೇ ನಿನ್ನಿಂದ!"

"ಹೌದು ಭಾವ," ಎಂದೆ. "ನನ್ನಿಂದಲೇ."