ಬೇಲಿಯಾಚೆ ತಳ್ಳಿದ ಎಲೆ

ನವೆಂಬರಿನಲ್ಲಿ ಎರಡು ದಿನ ಮಳೆ ಹೊಯ್ದರೆ ಸಾಕು, ಬೀಮನ್ ಬೀದಿಯ ಹಿಂದಿನ ಹಸಿರುದಾರಿ ಕೆರೆಯಾಗುತ್ತಿತ್ತು. ಹಿಂದೆ ರೈಲು ಓಡುತ್ತಿದ್ದ ಜಾಗವದು. ಹಳಿ ಕಿತ್ತು, ಡಾಂಬರು ಹಾಕಿ, ಎರಡೂ ಬದಿಯ ಮರ ಉಳಿಸಿ ನಗರದವರು ನಡೆಯುವ ದಾರಿ ಮಾಡಿದ್ದರು. ಮಾಡಿದ್ದೇನೋ ಸರಿ, ನೋಡಿಕೊಳ್ಳುವವರು ಯಾರು?

ಅದನ್ನೆಲ್ಲ ಯೋಚಿಸುವಷ್ಟು ತ್ರಾಣ ಆರ್ಲೀಥಾಳಿಗೆ ಇರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ವಾರವಿಡೀ ಒದ್ದೆ ಹಾಸುಬಟ್ಟೆ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಆದರೆ ಅವಳ ಗಂಡ ಕ್ಲೆಮೆಂಟ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವುದು ಅದೇ ದಾರಿಯಲ್ಲಿ, ಬ್ಯಾಟರಿ ಗಾಲಿಕುರ್ಚಿಯಲ್ಲಿ, ಯಾರ ಹಂಗೂ ಇಲ್ಲದೆ. ಆ ಗುರುವಾರ ದಾರಿಯಲ್ಲಿ ಗಾಲಿ ಮುಳುಗುವಷ್ಟು ನೀರು ನಿಂತಿತ್ತು. ಅವನು ಹೆದ್ದಾರಿ ಹಿಡಿದ. ಅಲ್ಲಿ ನಡೆಯುವವರಿಗೆ ಜಾಗವೇ ಇಲ್ಲ. ಲಾರಿಯೊಂದು ಕುರ್ಚಿಯನ್ನು ಸವರಿಕೊಂಡೇ ಹೋಯಿತು. ಮನೆಗೆ ಬಂದವನು ಕೋಟೂ ಬಿಚ್ಚದೆ ಕೂತುಬಿಟ್ಟ.

"ಶನಿವಾರ ನಾನು ಹೋಗಲ್ಲ," ಅಂದ.

"ಗಾಲಿಕುರ್ಚಿ ಹತ್ತಿಸೋ ವ್ಯಾನ್ ಕರೆಸ್ಲಾ?"

"ಅವ್ರಿಗೆ ಮೂರು ದಿನ ಮುಂಚೆ ಹೇಳ್ಬೇಕು. ಬಿಡು."

"ಹೋಗ್ದಿದ್ರೆ ಏನಾಗತ್ತೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು ಕ್ಲೆಮ್."

"ಗೊತ್ತು. ಆದ್ರೂ ಆ ರೋಡಿಗೆ ಇನ್ನೊಂದ್ಸಲ ಇಳಿಯಲ್ಲ."

ಆರ್ಲೀಥಾಳಿಗೆ ಭಯವಾಯಿತು. ಕೋಪವೂ ಬಂತು. ಎರಡನ್ನೂ ನಗರಸಭೆಯ ಮೇಲೆ ಹಾಕಿ ಬಾಯಿಗೆ ಬಂದಂತೆ ಬೈದಳು.

ಮರುದಿನ ಸಂಜೆ ಪಕ್ಕದ ಮನೆಯ ವೆಂಡೆಲ್ ಬಂದ. ನಿವೃತ್ತ ಪೋಸ್ಟ್‌ಮ್ಯಾನ್, ತಿಂಗಳಿಗೊಂದು ಶನಿವಾರ ಹಸಿರುದಾರಿಯಲ್ಲಿ ಕೆಲಸ ಮಾಡುವ ಸ್ವಯಂಸೇವಕ.

"ಆರ್ಲೀಥಾ ಅವ್ರೇ, ನಾಳೆ ಬೆಳಿಗ್ಗೆ ಎಂಟಕ್ಕೆ ದಾರಿ ಪಕ್ಕದ ಕಟ್ಟಿಕೊಂಡಿರೋ ಮೋರಿ ಬಿಡಿಸ್ತೀವಿ. ನಾಲ್ಕೇ ಜನ ಇದೀವಿ. ಇನ್ನೊಬ್ರು ಬೇಕು."

"ನನ್ನ ರಜ ಇರೋದೇ ನಾಳೆ ವೆಂಡೆಲ್. ತೆರಿಗೆ ಕಟ್ತೀನಲ್ಲ, ನಗರದವ್ರು ಬರ್ಲಿ."

"ಬರ್ತಾರೆ. ನಲವತ್ತು ಮೈಲಿ ದಾರಿಗೆ ಇರೋದು ಒಂದೇ ತಂಡ. ನಮ್ ಸರದಿ ಮುಂದಿನ ತಿಂಗಳಂತೆ."

"ನೀವು ಹೀಗೆ ಮಾಡ್ಕೊಡೋದಕ್ಕೇ ಅವ್ರು ಆರಾಮಾಗಿರೋದು."

"ಇರ್ಬಹುದು. ಪ್ರತಿ ಸಭೆಗೂ ಹೋಗಿ ಅವ್ರ ತಲೆ ತಿನ್ನೋದನ್ನೂ ನಾನು ಬಿಟ್ಟಿಲ್ಲ. ಆದ್ರೆ ಕ್ಲೆಮ್ ರಕ್ತ ಮುಂದಿನ ತಿಂಗಳವರೆಗೂ ಕಾಯುತ್ತಾ?"

"ಒಂದು ಗಂಟೆ ಬರ್ತೀನಿ. ಆಮೇಲೆ ಚರ್ಚಲ್ಲಿ ಕಣ್ಸನ್ನೆ ಮಾಡಿ ಕೂಡ ನನ್ನ ಕರೀಬಾರ್ದು."

ಶನಿವಾರ ಚಳಿ ಕೊರೆಯುತ್ತಿತ್ತು. ಗೋರೆ, ಸನಿಕೆ, ಕೈಗವಸು ಎಲ್ಲ ನಗರದವರೇ ಕೊಟ್ಟಿದ್ದರು. ವೆಂಡೆಲ್ ಮೊದಲೇ ಹೇಳಿದ: "ಮರಕ್ಕೆ ಅಂಟಿರೋ ಆ ಕೂದಲು ಬಳ್ಳಿ ಮುಟ್ಬೇಡಿ. ಎಲೆ ಉದುರಿದ್ರೂ ಅದರ ವಿಷ ಹೋಗಲ್ಲ, ಮೈಯೆಲ್ಲ ಬೊಬ್ಬೆ ಏಳತ್ತೆ. ಮರ ಬಿದ್ದಿದ್ರೆ ನಾವು ಕಡಿಯಲ್ಲ, ನಗರದವ್ರಿಗೆ ಫೋನ್ ಮಾಡ್ತೀವಿ. ನಮ್ದು ಎಲೆ, ಕಸ, ಮೋರಿ ಬಾಯಿ, ಅಷ್ಟೇ."

ಆರ್ಲೀಥಾ ಮೋರಿಯ ಬಾಯಿಗೆ ಗೋರೆ ಹಾಕಿ ಎಳೆದಳು. ಪ್ಲಾಸ್ಟಿಕ್ ಬರುತ್ತದೆ, ಯಾರದೋ ತಪ್ಪು ಸಿಗುತ್ತದೆ ಅಂದುಕೊಂಡಿದ್ದಳು. ಬಂದದ್ದು ಎಲೆ. ಹಾಸಿಗೆಯಷ್ಟು ದಪ್ಪ, ಕಪ್ಪಗೆ ಕೊಳೆತ ಎಲೆ. ಅದರ ತುಂಬ ಮುಳ್ಳುಮುಳ್ಳಿನ ಸಣ್ಣ ಉಂಡೆಕಾಯಿಗಳು. ಆ ಕಾಯಿ ಬಿಡುವ ಸ್ವೀಟ್‌ಗಮ್ ಮರ ಬೀಮನ್ ಬೀದಿಯಲ್ಲಿ ಇರುವುದು ಒಂದೇ, ಅವಳ ಹಿತ್ತಲಲ್ಲಿ.

ಎಲೆಯನ್ನು ಚೀಲಕ್ಕೆ ತುಂಬಿ ಮನೆ ಮುಂದೆ ಇಟ್ಟರೆ ಕಸದ ಗಾಡಿಯವರು ಒಯ್ಯುತ್ತಾರೆ. ಆದರೆ ಮುಂಬಾಗಿಲು ಏರು, ಹಿತ್ತಲ ಬೇಲಿ ಹತ್ತಿರ. ಹನ್ನೊಂದು ವರ್ಷ ಅವಳು ಎಲೆಯನ್ನೆಲ್ಲ ಬೇಲಿಯಾಚೆ ತಳ್ಳಿದ್ದಳು. ಎಲೆ ತಾನೆ, ಮಣ್ಣಾಗುತ್ತದೆ ಎಂದು.

"ಇದು ನಮ್ಮ ಮರದ್ದು," ಅಂದಳು.

"ಹೌದು."

"ನಿಮ್ಗೆ ಗೊತ್ತಿತ್ತಾ?"

"ಇಪ್ಪತ್ತಾರು ವರ್ಷ ಈ ಬೀದಿಗೆ ಕಾಗದ ಹಂಚಿದೀನಿ, ಯಾರ ಮನೇಲಿ ಯಾವ ಮರ ಅಂತ ಗೊತ್ತಾಗಲ್ವಾ? ನೋಡಿ, ಇದು ನಮ್ಮನೆ ಓಕ್ ಎಲೆ. ಮೂರು ವರ್ಷದ ಹಿಂದಿನವರೆಗೂ ನಾನೂ ತಳ್ತಿದ್ದೆ."

ಅವಳಿಗೆ ನಾಚಿಕೆಯಾಯಿತು. ಗಂಡನನ್ನು ಲಾರಿಯ ಬಾಯಿಗೆ ನೂಕಿದ್ದರಲ್ಲಿ ತನ್ನ ಕೈಯೂ ಇತ್ತಲ್ಲ ಅಂದುಕೊಂಡು ಮತ್ತೆ ಗೋರೆ ಹಾಕಿ ಎಳೆಯತೊಡಗಿದಳು. ಒಂದು ಗಂಟೆ ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಮೋರಿ ಗೊಳಗೊಳ ಅಂದಿತು. ನೀರು ಇಳಿಯಿತು, ಡಾಂಬರು ಕಂಡಿತು. ಉಳಿದ ಕೆಸರನ್ನು ಐದೂ ಜನ ಸನಿಕೆಯಲ್ಲಿ ಬಾಚಿದರು. ಅವಳು ಗಂಡನಿಗೆ ಫೋನ್ ಮಾಡಿದಳು.

ಕ್ಲೆಮೆಂಟ್ ಬಂದ. ಒದ್ದೆ ದಾರಿಯ ಅಂಚಿನಲ್ಲಿ ಕುರ್ಚಿ ನಿಲ್ಲಿಸಿ ಹೆಂಡತಿಯ ಕೆಸರು ಮೆತ್ತಿದ ಮುಖ ನೋಡಿದ.

"ಇದೇನು ಗತಿ ನಿಂದು?"

"ಬೇಗ ಹೋಗು, ಲೇಟಾಯ್ತು. ವಿಷಯ ಆಮೇಲೆ ಹೇಳ್ತೀನಿ. ಹೇಳೋದಿದೆ."

ಅವನು ವೆಂಡೆಲ್ ಕಡೆ ತಿರುಗಿದ. "ನಂಗೆ ಗೋರೋಕಾಗಲ್ಲ. ಆದ್ರೆ ವಾರಕ್ಕೆ ಮೂರು ಸಲ ಇಲ್ಲೇ ಓಡಾಡ್ತೀನಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಕೊಂಬೆ ಬಿದ್ದಿದೆ, ಫೋನ್ ಮಾಡಿ ಹೇಳ್ಲಾ?"

"ನಮ್ಗೆ ಬೇಕಾಗಿದ್ದೇ ಅದು," ಅಂದ ವೆಂಡೆಲ್.

ಗಾಲಿಕುರ್ಚಿ ಮರಗಳ ನಡುವೆ ದೂರವಾಯಿತು. ಅವನು ತಿರುವು ದಾಟುವವರೆಗೂ ಆರ್ಲೀಥಾ ನಿಂತೇ ಇದ್ದಳು.

ಓದುತ್ತಿರುವವರೇ, ನಿಮ್ಮ ಮನೆಯ ಹಿಂದೆಯೂ ಇಂಥದೊಂದು ದಾರಿ ಇರಬಹುದು. ಎಲೆಯನ್ನು ಅದರತ್ತ ತಳ್ಳಬೇಡಿ. ತಿಂಗಳಲ್ಲಿ ಒಂದು ಬೆಳಿಗ್ಗೆ, ಎರಡು ಗಂಟೆ ಕೊಡಿ. ಬಗ್ಗಲಾಗದವರು ಕಂಡದ್ದನ್ನು ಫೋನ್ ಮಾಡಿ ತಿಳಿಸಿ. ಆ ದಾರಿ ಬಿಟ್ಟರೆ ಬೇರೆ ದಾರಿಯಿಲ್ಲದವರು ನಿಮ್ಮ ಬೀದಿಯಲ್ಲೇ ಇದ್ದಾರೆ. ನೀವೂ ದಣಿದಿದ್ದೀರಿ, ಗೊತ್ತು. ದಣಿದೇ ಬನ್ನಿ. ಅಲ್ಲಿ ಗೋರೆ ಹಿಡಿದು ನಿಂತವರೆಲ್ಲ ದಣಿದವರೇ.