ಅಜ್ಜಪ್ಪನ ಪಾಲಿನ ಎರಡು ಸಾಲು

ಮಧ್ವೇಶ ಮಾಸ್ತರರಿಗೆ ಚಪ್ಪಾಳೆಯ ಚಟ. ಬೇರೆ ಚಟ ಒಂದೂ ಇರಲಿಲ್ಲ ಪಾಪ. ನಶ್ಯ ಏರಿಸುವವರಲ್ಲ, ಎಲೆ ಹಾಕುವವರಲ್ಲ. ಆದರೆ ನಾಲ್ಕು ಜನ ಕೂತಲ್ಲಿ ಒಂದು ಮಾತು ಹೊಸೆದು ನಗಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಹಾನಗಲ್ಲಿನ ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಎರಡನ್ನೂ ಅವರೇ ಕಲಿಸುತ್ತಿದ್ದರು. ಮ್ಯಾಟ್ರಿಕ್ ವರ್ಗದವರನ್ನು ಬೀಳ್ಕೊಡುವ ದಿನ ಒಬ್ಬೊಬ್ಬರ ಮೇಲೂ ಎರಡೆರಡು ಸಾಲು ಪದ್ಯ ಕಟ್ಟಿ ಓದುವುದು ಅವರೇ ಹಾಕಿದ ಪದ್ಧತಿ. ಅದನ್ನು ಕೇಳುವುದಕ್ಕೆಂದೇ ಊರ ಮಂದಿ ಬಂದು ಕೂರುತ್ತಿದ್ದರು.

ನಲವತ್ನಾಲ್ಕನೇ ಇಸವಿಯಲ್ಲಿ ವರ್ಗದೊಳಗೆ ಹನ್ನೊಂದು ಜನ. ಸವಣೂರಿನ ನಿಯಾಜ ಯಾರ ದನಿಯನ್ನಾದರೂ ತೆಗೆದು ಅಣಕಿಸುವವನು, ಹೆಡ್ ಮಾಸ್ತರರನ್ನೂ ಬಿಟ್ಟವನಲ್ಲ. ಇದ್ದೊಬ್ಬ ಹುಡುಗಿ ಸರೋಜವ್ವ, ಬೀಜಗಣಿತದಲ್ಲಿ ಗಂಡುಹುಡುಗರ ನೀರಿಳಿಸಿದವಳು. ಶಿಗ್ಗಾಂವಿಯ ನೀಲಪ್ಪ ಓಟದಲ್ಲಿ ಜಿಲ್ಲೆಗೆ ಹೆಸರು ತಂದವನು. ಇನ್ನು ಚಿಕ್ಕೇರೂರಿನ ಅಜ್ಜಪ್ಪ; ಇಂಗ್ಲಿಷ್ ನಾಲ್ಕನೇ ಇಯತ್ತೆಯಿಂದ ಮೊದಲ ನಂಬರು ಬಿಟ್ಟುಕೊಟ್ಟವನೇ ಅಲ್ಲ. ಕೆರೆಯ ದಂಡೆಯ ಒಂದು ಕೋಣೆಯಲ್ಲಿ ಕೈಯಾರೆ ರೊಟ್ಟಿ ಬಡಿದುಕೊಂಡು ಓದುತ್ತಿದ್ದ. ದೀಪಾವಳಿಯಾದ ಮೇಲೆ ಮಾತ್ರ ಅವನಿಗೊಂದು ಹೊಸ ಖಯಾಲಿ ಹತ್ತಿತ್ತು. ಪಾಠ ನಡೆದಾಗಲೇ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ.

ಮಾಸ್ತರರು ಅಜ್ಜಪ್ಪನ ಮೇಲೆ ಮೊದಲು ಬರೆದ ಎರಡು ಸಾಲಿನಲ್ಲಿ ಅವನ ಜಾಣತನದ ಹೊಗಳಿಕೆಯಿತ್ತು. ಸಮಾರಂಭದ ದಿನ ಬೆಳಿಗ್ಗೆ ಓದಿ ನೋಡಿದರು. ಸಪ್ಪೆ ಅನ್ನಿಸಿತು. ಜಾಣ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅದರಲ್ಲಿ ನಗುವುದೇನಿದೆ ಎಂದು ಹೊಡೆದುಹಾಕಿ ಬೇರೆ ಬರೆದರು.

ಆ ದಿನ ಅಜ್ಜಪ್ಪನ ಅಪ್ಪ ಉಳವಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮಗನೇ ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ನೀಲಪ್ಪನ ಪದ್ಯ ಬಂತು:

ಶಿಗ್ಗಾಂವಿಯ ನೀಲಪ್ಪ ಓಡಿದರೆ ಗಾಳಿಗೂ ದಮ್ಮು,
ಲೆಕ್ಕದ ಪಾಠ ಬಂತೆಂದರೆ ಎಲ್ಲಿಲ್ಲದ ಕೆಮ್ಮು!

ಜನ ಹೋ ಎಂದರು. ಮಾಸ್ತರರ ಮೈಯಲ್ಲಿ ಹುರುಪು ಏರಿತು. ಅಜ್ಜಪ್ಪನದನ್ನು ಎತ್ತಿಕೊಂಡರು:

ಕಣ್ಣು ಮುಚ್ಚಿದ ಅಜ್ಜಪ್ಪ ಧ್ಯಾನದೊಳು ಶಿವನ ಕಂಡ,
ಕಣ್ಣು ತೆರೆದರೆ ಬೆಂಚಿನ ಮೇಲೆ ತನ್ನದೇ ಜೊಲ್ಲು ಕಂಡ!

ಅಯ್ಯಯ್ಯ, ಆ ನಗೆ! ಹೆಡ್ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರೋ "ಮತ್ತೊಮ್ಮೆ ಆಗ್ಲಿರಿ" ಎಂದು ಕೂಗಿದರು. ಮಾಸ್ತರರು ಮತ್ತೊಮ್ಮೆ ಓದಿದರು. ಅಜ್ಜಪ್ಪನೂ ನಕ್ಕ. ಉಳವಪ್ಪನೊಬ್ಬ ನಗಲಿಲ್ಲ. ಅವನು ಅಕ್ಷರ ಕಲಿತವನಲ್ಲ. ಮಾಸ್ತರರು ಕಾಗದದ ಮೇಲೆ ಬರೆದು, ಪದ ಕಟ್ಟಿ, ನಾಲ್ಕುನೂರು ಮಂದಿಯ ಎದುರು ಎರಡು ಸಲ ಓದಿದ್ದು ಚೇಷ್ಟೆ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಮರುದಿನ ನೀಲಪ್ಪ ಓಡಿಬಂದ.

"ಸರ್, ಅಜ್ಜಪ್ಪನ್ನ ಅವರಪ್ಪ ಹಾಸಿಗಿ ಸುತ್ತಿಸಿಕೊಂಡು ಊರಿಗೆ ಕರ್ಕೊಂಡು ಹ್ವಾದ್ರಿ. ಪರೀಕ್ಷಾಕ್ಕ ಕುಂದ್ರೂದು ಬ್ಯಾಡ ಅಂದಾರಂತ್ರಿ."

"ಸಿಟ್ಟು ಇಳೀತದ, ತಾವ ಕಳಸ್ತಾರ ಬಿಡೋ" ಎಂದರು ಮಾಸ್ತರರು. ನಿನ್ನೆಯ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತಲ್ಲ, ಬೇರೆ ಮಾತು ಎಲ್ಲಿ ಕೇಳಬೇಕು! ಒಂದು ದಿನ ಕಾದರು, ನಾಲ್ಕು ದಿನ ಕಾದರು. ಹದಿನೈದು ದಿನವಾದರೂ ಅಜ್ಜಪ್ಪನ ಸುಳಿವಿಲ್ಲ. ಧಾರವಾಡದಲ್ಲಿ ಪರೀಕ್ಷೆ ಶುರುವಾಗುವುದಕ್ಕೆ ಒಂದೇ ವಾರ ಉಳಿಯಿತು. ತಮ್ಮ ಎರಡು ಸಾಲಿಗೆ ಒಬ್ಬ ಹುಡುಗನ ಬಾಳು ಹಾಳಾಗುತ್ತಿದೆ ಅನ್ನುವುದು ಮಾಸ್ತರರಿಗೆ ಆಗ ತಿಳಿಯಿತು. ಅವನ ಹಾಲ್ ಟಿಕೀಟನ್ನು ಜೇಬಿನಲ್ಲಿಟ್ಟುಕೊಂಡು ಹಿರೇಕೆರೂರಿನ ಬಸ್ಸು ಹತ್ತಿದರು. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು. ಏರು ಬಂದಲ್ಲೆಲ್ಲ ಮಂದಿ ಇಳಿದು ನೂಕಬೇಕು. ಮಾಸ್ತರರೂ ನೂಕಿದರು. ಚಿಕ್ಕೇರೂರು ಮುಟ್ಟಿದಾಗ ಮಧ್ಯಾಹ್ನ.

ಉಳವಪ್ಪ ಕಾಲಿಗೆ ನೀರು ಕೊಟ್ಟ, ಕಂಬಳಿ ಹಾಸಿದ. ಬ್ರಾಹ್ಮಣರು ತನ್ನ ಮನೆಯಲ್ಲಿ ಬೇಯಿಸಿದ್ದು ಉಣ್ಣುವುದಿಲ್ಲವೆಂದು ಹಾಲು, ಬಾಳೆಹಣ್ಣು ತಂದಿಟ್ಟ. ಮರ್ಯಾದೆಗೆ ಒಂದಿಷ್ಟೂ ಕೊರತೆ ಮಾಡಲಿಲ್ಲ.

"ಉಳವಪ್ಪನವರ, ಅದು ನಗಚಾಟಿಗೆ ಬರದದ್ದರೀ. ಹುಡುಗನ್ನ ನನ್ನ ಕೂಡ ಕಳಸ್ರಿ, ಕೈ ಮುಗೀತೀನಿ."

"ನೀವು ಕೈ ಮುಗೀಬಾರದ್ರಿ. ತಪ್ಪು ನಮ್ಮ ಹುಡುಗಂದು. ಓದಾಕ ಕಳಿಸಿದ್ರ ಮಕ್ಕೊಂಡು ಜೊಲ್ಲು ಸುರಸ್ಯಾನ. ಅದಕ್ಕ ಹಂತಿ ಹಿಂದ ಬಿಟ್ಟೇನ್ರಿ. ದಿನಾ ಎತ್ತಿನ ಬೆನ್ನು ಹತ್ತಿ ಕಣಾ ಸುತ್ತಾಕತ್ರ ನಿದ್ದಿ ತಾನ ಬಿಡತೈತಿ."

ಬಾಗಿಲ ಮರೆಯಿಂದ ಅಜ್ಜಪ್ಪನ ಅವ್ವ ದಾನವ್ವ ಬಾಯಿಬಿಟ್ಟಳು. "ನಿದ್ದಿ ಅಲ್ರಿ ಮಾಸ್ತರ್ರ. ದಿನಾ ಬಿಟ್ಟು ದಿನಾ ಚಳಿ ಬರತೈತ್ರಿ ಕೂಸಿಗೆ. ನಡಗತೈತಿ, ಹಲ್ಲು ಕಡೀತೈತಿ. ಇವ್ರು ನೆವಾ ಮಾಡ್ತಾನ ಅಂತಾರ."

"ನೀ ಸುಮ್ಕಿರು" ಎಂದ ಉಳವಪ್ಪ. "ಜಡ್ಡಿದ್ರ ಮಾಸ್ತರ್ರಿಗೆ ಕಾಣತಿದ್ದಿಲ್ಲೇನು? ದಿನಾ ಎದುರಿಗೆ ಕುಂದ್ರಸ್ಕೊಂಡು ನೋಡ್ದವರು ಅವರು."

ಮಾಸ್ತರರು ಹಾಲಿನ ಬಟ್ಟಲು ಕೆಳಗಿಟ್ಟರು. ಹಾನಗಲ್ಲಿನ ಕೆರೆಯ ಸೊಳ್ಳೆ, ಚಳಿಜ್ವರ ಗೊತ್ತಿಲ್ಲದವರೇ ಅವರು? ಹಳದಿ ತಿರುಗಿದ ಆ ಕಣ್ಣು, ಊದಿದ ಆ ಮುಖವನ್ನು ನಾಲ್ಕು ತಿಂಗಳು ನೋಡಿದ್ದರು. ನೋಡಿ ಪ್ರಾಸ ಹುಡುಕಿದ್ದರು! ಎದ್ದವರೇ ಕಣದ ಕಡೆಗೆ ಹೊರಟರು.

ಕಣದಲ್ಲಿ ಎತ್ತುಗಳು ನಡುವಿನ ಮೇಟಿಕಂಬದ ಹತ್ತಿರ ಸುಮ್ಮನೆ ನಿಂತಿದ್ದವು. ಅಜ್ಜಪ್ಪ ಜೋಳದ ಕಣಿಕೆಯ ಮೇಲೆ ಮುದುಡಿ ಬಿದ್ದಿದ್ದ.

"ನೋಡ್ರಿ, ಮತ್ತ ಮಲ್ಕೊಂಡಾನ!" ಎಂದು ಉಳವಪ್ಪ ಬಾರುಕೋಲು ಎತ್ತಿದ. ಮಾಸ್ತರರು ಓಡಿಹೋಗಿ ನಡುವೆ ನಿಂತರು. ಹುಡುಗನ ಮೈ ಮುಟ್ಟುವ ಹಾಗಿರಲಿಲ್ಲ, ಕೆಂಡ. ಮಾಸ್ತರರ ಮುಖ ಕಂಡದ್ದೇ ಅವನು ಗಡಬಡಿಸಿ ಏಳಲು ನೋಡಿದ, ಆಗಲಿಲ್ಲ.

"ನಿದ್ದಿ ಮಾಡಾಕತ್ತಿದ್ದಿಲ್ರಿ ಸರ್" ಎಂದ.

"ಗೊತ್ತಪ್ಪಾ, ಗೊತ್ತದ. ಮೊದ್ಲ ಯಾಕ ಹೇಳಲಿಲ್ಲೋ ನನಗ?"

"ಹೇಳಿದ್ರ ಊರಿಗೆ ಕಳಸ್ತಿದ್ರಿ. ಪರೀಕ್ಷಾ ತಪ್ಪತಿತ್ರಿ."

ಉಳವಪ್ಪನ ಕೈಯಿಂದ ಬಾರುಕೋಲು ಜಾರಿತು. ಅವನೇ ಆ ಎತ್ತುಗಳನ್ನು ಬಿಚ್ಚಿ ಬಂಡಿ ಕಟ್ಟಿದ. ದಾರಿಯುದ್ದಕ್ಕೂ ಹುಡುಗನ ತಲೆ ಮಾಸ್ತರರ ತೊಡೆಯ ಮೇಲಿತ್ತು. ಹಿರೇಕೆರೂರಿನ ಡಾಕ್ಟರರು ಹೊಟ್ಟೆ ಒತ್ತಿ ನೋಡಿದರು. ಚಳಿಜ್ವರಕ್ಕೆ ಗುಲ್ಮ ಊದಿ ಹೊಕ್ಕುಳ ತನಕ ಬೆಳೆದಿತ್ತು, ಮೈಯಲ್ಲಿ ರಕ್ತವಿರಲಿಲ್ಲ.

"ಕ್ವಿನೈನ್ ಎಲ್ಲಾ ದಂಡಿಗೆ ಹೊಂಟದ್ರಿ. ಇದ್ದ ನಾಕು ಗುಳಿಗಿ ಕೊಡ್ತೀನಿ. ಎರಡು ತಿಂಗಳು ಮೊದಲ ತಂದಿದ್ರ..." ಎಂದರು ಡಾಕ್ಟರರು.

ಮೂರನೇ ದಿನ ಬೆಳಗಾಗುವುದರೊಳಗೆ ಅಜ್ಜಪ್ಪ ಹೋಗಿಬಿಟ್ಟ. ಊರಿಗೆ ತಂದು, ವಿಭೂತಿ ಹಚ್ಚಿ, ಕೂರಿಸಿ, ತಮ್ಮ ಹೊಲದಲ್ಲೇ ಮಣ್ಣು ಕೊಟ್ಟರು. ದಾನವ್ವನ ಅಳು ಕೇಳಲಾರದೆ ಗಂಡಸರೇ ಮುಖ ತಿರುವಿದರು. ಮಾಸ್ತರರು ಬದುವಿನ ಮೇಲೆ ಒಬ್ಬರೇ ನಿಂತಿದ್ದರು. ಸಾಯಬೇಕಾದವನು ಅವನಲ್ಲ, ನಾನು ಅನ್ನಿಸುತ್ತಿತ್ತು. ಜನ ಚದುರಿದ ಮೇಲೆ ಉಳವಪ್ಪ ಮಣ್ಣಿನ ಕೈಯಲ್ಲೇ ಅವರ ಹತ್ತಿರ ಬಂದ. ಬೈಯಲಿ, ಹೊಡೆಯಲಿ ಎಂದು ಮಾಸ್ತರರು ತಲೆ ತಗ್ಗಿಸಿದರು.

ಉಳವಪ್ಪ ಬೈಯಲಿಲ್ಲ.

"ಮಾಸ್ತರ್ರ, ಒಂದು ಮಾತು ಕೇಳತೇನ್ರಿ. ನನಗ ಓದು ಬರಹ ತಿಳಿಯಂಗಿಲ್ಲ. ನಮ್ಮ ಹುಡುಗ ಖರೇನ ಶಾಣ್ಯಾ ಇದ್ದನೇನ್ರಿ?"

"ಶಾಣ್ಯಾ ಇದ್ದರೀ" ಎಂದರು ಮಾಸ್ತರರು, ಅಳು ತಡೆಯಲಾಗದೆ. "ವರ್ಗದಾಗ ಎಲ್ಲಾರಕಿಂತಾ ಶಾಣ್ಯಾ. ಹದಿನೆಂಟು ವರ್ಷದಾಗ ನಾ ಅಂಥಾ ಹುಡುಗನ್ನ ನೋಡಿಲ್ಲ."

ಉಳವಪ್ಪ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡ.

"ಇದನ್ನ ಅವತ್ತ ಅನಬೇಕಿತ್ರಿ" ಎಂದ.